ಚಪ್ಪಲಿ ಬಿಟ್ಟು ಹತ್ತುವ ಕೊಲಂಬಸ್

ರವಿವಾರ, 9 ನವೆಂಬರ್ 2008. ಬೆಳಿಗ್ಗೆ 9 ಗಂಟೆ 20 ನಿಮಿಷ. ಅಂಕೋಲೆಯ ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಪತ್ರಿಕೆಗೆ ಇದನ್ನು ಬರೆಯಲು ಶುರುಮಾಡಿದ್ದೇನೆ.

ಮೊನ್ನೆ ಶುಕ್ರವಾರ ಕಾರವಾರದ ಬಸ್ ನಿಲ್ದಾಣದಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕರು. ಈಗ ಅವರು ಕೈಗಾ ನೌಕರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಮೂರು ವರ್ಷದ ಹಿಂದೆ, ಅವರ್ಸಾ ದಾಟಿದ ಮೇಲೆ ಹೆದ್ದಾರಿಯ ಬದಿಯಲ್ಲಿದ್ದ ಒಂದು ಸಣ್ಣ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಜಾಯಿಂಟ್ ವ್ಹೀಲ್ ನಡೆಸುತ್ತಿದ್ದರು. ನಾನು ಅದೇ ಪಾರ್ಕಿನ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದೆ. ಅದು ಇದು ಮಾತಾಡಿ ಹೊರಡುವಾಗ ಅವರು, “ಮೇಸ್ತ್ರಿ ಹೋದ್ರು. ನಿಂಗೆ ಗೊತ್ತಾಯ್ತಾ?” ಎಂದರು. ಶ್ರಾವಣದಲ್ಲಿ, ಸದಾಶಿವಗಡದ ಮನೆಯಲ್ಲಿ ತೀರಿಕೊಂಡರಂತೆ. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ನಡೆದರು.

ಮನೆಗೆ ಬಂದು 2005 ಮತ್ತು 2006ರ ಡೈರಿಗಳನ್ನು ತೆಗೆದೆ. ಎರಡರಲ್ಲೂ ಸೇರಿ ಮೇಸ್ತ್ರಿಯ ಪ್ರಸ್ತಾಪ 137 ಕಡೆ ಇದೆ. ಹಿಂದಿನ ಪುಟಗಳಲ್ಲಿ ‘ಮೇಸ್ತ್ರಿ ಹೇಳಿದ್ದು’ ಎಂಬ ತಲೆಬರಹದ ಕೆಳಗೆ ಪಾರ್ಕನ್ನು ಸುಧಾರಿಸುವ 43 ವಿಚಾರಗಳನ್ನು ಬರೆದಿಟ್ಟಿದ್ದೇನೆ. ಹನ್ನೊಂದು ಜಾರಿಗೆ ಬಂದವು. ಮೂವತ್ತೊಂದು ಬರಲಿಲ್ಲ. ಒಂದು ನನಗೆ ಅರ್ಥವಾಗಲಿಲ್ಲ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಾರ್ಕಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದು ನೆನಪಿಲ್ಲ, ಮೇಸ್ತ್ರಿ ಅಂದರೆ ಅವರೇ. ಕುಳ್ಳಗಿನ ಆಳು, ಐವತ್ತಾರರ ವಯಸ್ಸು, ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಚಿಕ್ಕಂದಿನಲ್ಲಿ ತಂದೆಯ ಜೊತೆ ಮರದ ದೋಣಿ ಕಟ್ಟುತ್ತಿದ್ದರು, ಆಮೇಲೆ ಟ್ರಾಲರ್‌ಗಳ ಎಂಜಿನ್ ರಿಪೇರಿಗೆ ಇಳಿದರು. ಎಂಜಿನ್ನಿನ ಬೆಲ್ಟು ಎಡಗೈಯ ಎರಡು ಬೆರಳು ತೆಗೆದುಕೊಂಡ ಮೇಲೆ ದೋಣಿಯವರು ಕರೆಯುವುದು ಕಡಿಮೆಯಾಯಿತು. ಅಂಥ ಹೊತ್ತಿನಲ್ಲಿ ಪಾರ್ಕಿನ ಮಾಲಕರು ಅವರನ್ನು ಕರೆದದ್ದು ಒಂದೇ ಯಂತ್ರಕ್ಕೆ: ಕೊಲಂಬಸ್‌ಗೆ.

ನೋಡದವರಿಗೆ ಹೇಳುತ್ತೇನೆ. ಕೊಲಂಬಸ್ ಎಂದರೆ ನಲವತ್ತು ಜನ ಕೂರುವ ದೊಡ್ಡ ದೋಣಿಯಾಕಾರದ ಉಯ್ಯಾಲೆ. ಎರಡು ಕಂಬಗಳ ನಡುವೆ ತೂಗುಹಾಕಿರುತ್ತಾರೆ, ಮೋಟರು ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತದೆ. ನಮ್ಮ ಪಾರ್ಕಿನಲ್ಲಿ ಎಲ್ಲಕ್ಕಿಂತ ದುಬಾರಿ ಯಂತ್ರ ಅದೇ. ಅದು ಇರುವಷ್ಟು ದಿನ ಮೇಸ್ತ್ರಿ ಇರಬೇಕು, ಅದು ಹೋದರೆ ಮೇಸ್ತ್ರಿಯೂ ಹೋಗಬೇಕು. ಇದು ಮೊದಲ ದಿನವೇ ಎಲ್ಲರಿಗೂ ಗೊತ್ತಿದ್ದ ಮಾತು.

ನಾನು ಆಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಶನಿವಾರ ಮಧ್ಯಾಹ್ನ ಮತ್ತು ರವಿವಾರ ಪೂರ್ತಿ ಪಾರ್ಕಿಗೆ ಹೋಗುತ್ತಿದ್ದೆ. ಟಿಕೆಟ್ ಕಿಟಕಿಯ ಪಕ್ಕದಲ್ಲೇ ಹಾಡು ಹಾಕುವ ಪೆಟ್ಟಿಗೆ. ಕೆಲಸಕ್ಕೆ ಸೇರಿದ ದಿನವೇ ಮೇಸ್ತ್ರಿ ಬಂದು, ಹಾಡು ಸಣ್ಣ ಮಾಡಲು ಹೇಳಿದರು. ಮಾಲಕರು ದೊಡ್ಡದಾಗಿ ಹಾಕಲು ಹೇಳಿದ್ದಾರೆ ಎಂದೆ. ಅವರು ಬಲ ಅಂಗೈಯನ್ನು ಕೊಲಂಬಸ್ಸಿನ ಕಂಬಕ್ಕೆ ಒತ್ತಿ, ಜ್ವರ ನೋಡುವವರಂತೆ ನಿಂತು, “ಸಣ್ಣ ಮಾಡು ತಂಗಿ. ಇದು ಎಂತದೋ ಹೇಳ್ತಾ ಇದೆ, ನಂಗೆ ಕೇಳೂದಿಲ್ಲ” ಎಂದರು. ಹಾಡು ನಿಲ್ಲಿಸಿದೆ. ಮೇಲಿನ ಬೇರಿಂಗಿನಲ್ಲಿ ಗ್ರೀಸ್ ಒಣಗಿತ್ತು. ಅಂದಿನಿಂದ ಪ್ರತಿ ಗಂಟೆಗೆ ಐದು ನಿಮಿಷ ಹಾಡಿಲ್ಲ ಎಂಬುದು ನನ್ನ ಪಟ್ಟಿಯ ಮೊದಲ ವಿಚಾರವಾಯಿತು, ಜಾರಿಗೆ ಬಂದ ಮೊದಲನೆಯದೂ ಅದೇ.

ಆಟಗಳ ಸಾಲಿನ ಬಗ್ಗೆ ಅವರಿಗೆ ಗಟ್ಟಿ ಅಭಿಪ್ರಾಯವಿತ್ತು. ಹೆದ್ದಾರಿಯಿಂದ ಕಾಣಲಿ ಎಂದು ಮಾಲಕರು ಜೋರು ಆಟಗಳನ್ನೆಲ್ಲ ಗೇಟಿನ ಹತ್ತಿರ ಹಾಕಿದ್ದರು. ಒಳಗೆ ಕಾಲಿಟ್ಟ ಮಗುವಿಗೆ ಮೊದಲು ಕೇಳುವುದು ಕಿರುಚಾಟ. ಮೇಸ್ತ್ರಿ ಇದನ್ನು ಒಪ್ಪಲಿಲ್ಲ. ಗೇಟಿನಲ್ಲಿ ಕುದುರೆಗಳ ಮೇರಿ ಗೋ ರೌಂಡ್ ಇರಬೇಕು, ನಂತರ ಪುಟಾಣಿ ರೈಲು, ಆಮೇಲೆ ಡ್ಯಾಶಿಂಗ್ ಕಾರು, ಅಷ್ಟರಲ್ಲಿ ಧೈರ್ಯ ಬಂದಿರುತ್ತದೆ, ಆಗ ಕೊಲಂಬಸ್. ಕೊನೆಗೆ ಸಮುದ್ರದ ಕಡೆ ಮುಖ ಮಾಡಿದ ಜಾಯಿಂಟ್ ವ್ಹೀಲ್, ಅದೂ ನಿಧಾನಕ್ಕೆ. ಮಾಲಕರು ನಕ್ಕು, ಎಲ್ಲದಕ್ಕೂ ಒಂದು ಕ್ರಮ ಬೇಕೋ ಎಂದು ಕೇಳಿದಾಗ, “ಊಟ ಹೆಂಗೆ ಮಾಡ್ತ್ರಿ ನೀವು? ಕಡೀಗೆ ತಂಪು ಸೋಲ್‌ಕಡಿ ಕುಡಿದು ಎದ್ದ ಹಂಗೆ ಇರ್ಬೇಕು, ಮನೆಗೆ ಹೋಗುವಾಗ” ಎಂದರು. ಕೊಲಂಬಸ್ಸಿನ ಕಾಂಕ್ರೀಟ್ ಅಡಿಪಾಯ ಕದಲಿಸುವಂತಿರಲಿಲ್ಲ. ಆದರೆ ಮೇರಿ ಗೋ ರೌಂಡ್ ಗೇಟಿಗೆ ಬಂತು. ಅದು ಬರುವ ಹಿಂದಿನ ರವಿವಾರ ಗೇಟಿನಲ್ಲಿ ಅತ್ತ ಮಕ್ಕಳು 17, ಬಂದ ಮೇಲಿನ ರವಿವಾರ 6. ಈ ಲೆಕ್ಕ ತೋರಿಸಿದಾಗ ಮೇಸ್ತ್ರಿ ನನ್ನ ಡೈರಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ಓದುವುದು ನಿಧಾನ, ಅಂಕಿ ಮಾತ್ರ ಒಂದೇ ನೋಟಕ್ಕೆ ಹಿಡಿಯುತ್ತಿದ್ದರು. ಅವತ್ತಿನಿಂದ ಅವರಿಗೆ ಹೊಳೆದದ್ದನ್ನೆಲ್ಲ ಹೇಳಿ ಬರೆಸುವ ರೂಢಿ ಶುರುವಾಯಿತು. ಬರೆದು ಮುಗಿಸಿದ್ದೇನೋ ಇಲ್ಲವೋ ಎಂದು ಪೆನ್ನಿನ ತುದಿಯನ್ನೇ ನೋಡುತ್ತ ನಿಲ್ಲುತ್ತಿದ್ದರು.

ಬನ್ಸ್ ಅಂಗಡಿಯದು ಬೇರೆ ಕತೆ. ಅದು ಕೊಲಂಬಸ್ಸಿಗೆ ಹೋಗುವ ದಾರಿಯಲ್ಲೇ ಇತ್ತು. ತಿಂದು ಹತ್ತಿದವರು ಇಳಿದು ಏನು ಮಾಡುತ್ತಿದ್ದರೆಂದು ಬರೆಯಬೇಕಿಲ್ಲ, ತೊಳೆಯುತ್ತಿದ್ದವರು ಮೇಸ್ತ್ರಿಯೇ. ಅಂಗಡಿಯನ್ನು ಆಚೆ ತುದಿಗೆ ಸರಿಸಬೇಕೆಂದು ಅವರು ಪಟ್ಟುಹಿಡಿದಾಗ ಅಂಗಡಿಯವರು, “ನಾನು ತುಂಬ್ಸೂದು, ನೀವು ಖಾಲಿ ಮಾಡೂದು. ಖಾಲಿ ಆದ್ರೆ ಮತ್ತೆ ನನ್ನ ಹತ್ರಾನೇ ಬರೂದು. ಒಳ್ಳೇ ಪಾಲುದಾರಿಕೆ ಮೇಸ್ತ್ರಿ, ಹಾಳು ಮಾಡ್ಬೇಡಿ” ಎಂದಿದ್ದರು. ಮೇಸ್ತ್ರಿ ನಗಲಿಲ್ಲ. ಮರುದಿನ ಬಕೆಟ್ಟು, ಪೊರಕೆ ತಂದು ಅಂಗಡಿಯವರ ಮುಂದೆ ಇಟ್ಟು ಹೋದರು. ಅಂಗಡಿ ಸರಿಯಿತು.

ಕಾಯುವ ಸಾಲು ಕೂಡ ಅವರ ಕಾರಣದಿಂದಲೇ ತಿರುಗಿತು. ಮೊದಲು ಸಾಲಿನಲ್ಲಿ ನಿಂತವರಿಗೆ ಮೇಲೆ ಕಿರುಚುವವರ ಮುಖ ಕಾಣುತ್ತಿತ್ತು. ಮೇಸ್ತ್ರಿ ಹಗ್ಗ ಕಟ್ಟಿ ಸಾಲನ್ನು ಇಳಿಯುವ ಮೆಟ್ಟಿಲಿನ ಪಕ್ಕಕ್ಕೆ ತಂದರು. ಇಳಿದು ಬರುವವರು ನಗುತ್ತಿರುತ್ತಾರೆ, ಅದನ್ನು ನೋಡಿದವರು ಸಾಲು ಬಿಟ್ಟು ಹೋಗುವುದಿಲ್ಲ. ಸಂಜೆ ಸೂರ್ಯ ಮುಳುಗುವಾಗ ಜಾಯಿಂಟ್ ವ್ಹೀಲನ್ನು ಅರ್ಧ ನಿಮಿಷ ಮೇಲೆ ನಿಲ್ಲಿಸಬೇಕೆಂಬುದು ಅವರ ಇನ್ನೊಂದು ವಿಚಾರ. ಮಾಲಕರು ಕರೆಂಟಿನ ಲೆಕ್ಕ ಹೇಳಿದರು. ಆಗ ವ್ಹೀಲ್ ನಡೆಸುತ್ತಿದ್ದ ಈಗಿನ ಡ್ರೈವರ್, ಮಾಲಕರು ಊರಲ್ಲಿಲ್ಲದ ದಿನ ನಿಲ್ಲಿಸುತ್ತಿದ್ದರು. ಅರ್ಥವಾಗದ ವಿಚಾರ ಎಂದೆನಲ್ಲ, ಅದು ಇದು: ಪಾರ್ಕಿನಲ್ಲಿ ಅಲುಗಾಡದ ಒಂದು ಆಟ ಬೇಕು. ಟಿಕೆಟ್ ಕೊಟ್ಟು ಹತ್ತಬೇಕು, ಬೆಲ್ಟು ಕಟ್ಟಬೇಕು, ಆದರೆ ಅದು ಅಲುಗಾಡಬಾರದು. ಯಾಕೆಂದು ಮೂರು ಸಲ ಕೇಳಿದ್ದೇನೆ. ಮೂರೂ ಸಲ, “ಬರ್ಕೋ ನೀನು” ಎಂದರು.

ಕೊಲಂಬಸ್ಸಿನ ಎದುರಿಗೆ, ಬಾದಾಮಿ ಮರದ ನೆರಳಿನಲ್ಲಿ ಒಂದು ಉದ್ದನೆಯ ಬೆಂಚು ಇತ್ತು. ಅದೂ ಅವರದೇ ವಿಚಾರ, ಅವರೇ ಮಾಡಿದ್ದು. ಆಡುವವರ ಚೀಲ, ನೀರಿನ ಬಾಟಲಿ, ಚಪ್ಪಲಿ ಹಿಡಿದುಕೊಂಡು ಯಾರಾದರೂ ಕೆಳಗೆ ನಿಲ್ಲಬೇಕಾಗುತ್ತದೆ. ಆ ಜನರ ಬಗ್ಗೆ ಯಾವ ಪಾರ್ಕಿನವರೂ ಯೋಚಿಸುವುದಿಲ್ಲ ಎಂಬುದು ಮೇಸ್ತ್ರಿಯ ದೂರು. ಪ್ರತಿ ರವಿವಾರ ಆ ಬೆಂಚಿನ ಎಡತುದಿಯಲ್ಲಿ ಅವರ ಅಕ್ಕ ಬಂದು ಕೂರುತ್ತಿದ್ದರು. ಅವರು ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಿದ್ದರು, ಗಂಡ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷವಾಗಿತ್ತು. ಮೇಸ್ತ್ರಿಯನ್ನು ತಾಯಿ ಇಲ್ಲದ ಮನೆಯಲ್ಲಿ ಎತ್ತಿ ಬೆಳೆಸಿದವರು ಅವರೇ. ಮೂವರು ಮೊಮ್ಮಕ್ಕಳನ್ನು ಕರೆದುಕೊಂಡು ಮೂರು ಗಂಟೆಯ ಟೆಂಪೋಗೆ ಬರುವರು. ಮಡಿಲಲ್ಲಿ ತಮ್ಮವರದು, ಕಂಡವರದು, ಎಲ್ಲರ ಚಪ್ಪಲಿ. ಕೊಲಂಬಸ್ ಮೇಲೆ ಹೋದಾಗ ತಲೆ ಎತ್ತುವರು, ಕೆಳಗೆ ಬಂದಾಗ ಇಳಿಸುವರು. ಹಾಗೆ ಎರಡು ಗಂಟೆ.

ಈ ಚಪ್ಪಲಿಯ ವಿಷಯ ನನಗೆ ಮೊದಲಿನಿಂದಲೂ ಕಾಡುತ್ತಿತ್ತು. ಬೇರೆ ಯಾವ ಆಟಕ್ಕೂ ಜನ ಚಪ್ಪಲಿ ಬಿಡುತ್ತಿರಲಿಲ್ಲ. ಕೊಲಂಬಸ್ಸಿಗೆ ಬಿಡುತ್ತಿದ್ದರು, ಅದೂ ಎಲ್ಲರೂ ಅಲ್ಲ. ಹುಬ್ಬಳ್ಳಿ ಕಡೆಯ ಪ್ರವಾಸಿಗರು, ಕೈಗಾದ ಕುಟುಂಬಗಳು, ಒಳಭಾಗದ ಹಣಕೋಣದ ಕಡೆಯಿಂದ ಬಂದವರು ಹಾಕಿಕೊಂಡೇ ಹತ್ತುವರು. ಸಮುದ್ರದ ಬದಿಯ ಗಂಡಸರು ಮೆಟ್ಟಿಲ ಬುಡದಲ್ಲಿ ತೆಗೆದಿಡುವರು. ಇಳಿದ ಮೇಲೆ ಹುಡುಕಾಟ. ಗಡಿಯಾರ ಹಿಡಿದು ನೋಡಿದ್ದೇನೆ: ಆಟ ಮೂರು ನಿಮಿಷ, ಚಪ್ಪಲಿ ನಾಲ್ಕು ನಿಮಿಷ. ನಾನೂ ಒಮ್ಮೆ ಸೀಟು ಎಣಿಸಲೆಂದು ಚಪ್ಪಲಿ ಹಾಕಿ ಹತ್ತಿದ್ದೆ. ನಾನು ಇಳಿದ ಮೇಲೆ ಮೇಸ್ತ್ರಿ ಒದ್ದೆ ಬಟ್ಟೆ ತಂದು ನಾನು ನಡೆದಷ್ಟೂ ಒರೆಸಿದರು. ಆಮೇಲೆ ನಾನು ಬರಿಗಾಲಲ್ಲೇ ಹತ್ತುತ್ತಿದ್ದೆ.

ಕಾರಣ ಆ ದೋಣಿಯ ಮೂತಿಯಲ್ಲಿತ್ತು. ಯಂತ್ರ ಬರುವಾಗ ಮುಂದಿನ ತುದಿಯಲ್ಲಿ ಫೈಬರಿನ ಒಂದು ಡ್ರ್ಯಾಗನ್ ತಲೆ ಇತ್ತಂತೆ, ಲಾರಿಯಿಂದ ಇಳಿಸುವಾಗ ಒಡೆಯಿತು. ಹೊಸದು ತರಿಸಲು ತಿಂಗಳಾಗುತ್ತಿತ್ತು. ಮೇಸ್ತ್ರಿಯ ಅಕ್ಕನ ಮನೆಯ ಹಿಂದೆ ಅವರ ಗಂಡನ ಮೀನು ಹಿಡಿಯುವ ದೋಣಿ ಬಿಚ್ಚಿ ಬಿದ್ದಿತ್ತು, ಮೂತಿ ಮಾತ್ರ ಗಟ್ಟಿಯಾಗಿತ್ತು. ಅಕ್ಕ ಕೊಟ್ಟರು. ಮೇಸ್ತ್ರಿ ಅದನ್ನು ಹೊರಿಸಿ ತಂದು, ಕೆತ್ತಿ ಸರಿಮಾಡಿ, ಕೊಲಂಬಸ್ಸಿಗೆ ಬೋಲ್ಟು ಹಾಕಿ ಕೂರಿಸಿದರು. ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಒಂದೊಂದು ಹಾರ, ಕುಂಕುಮ ಆಯಿತು. ಕೊಲಂಬಸ್ಸಿಗೆ ಮಾತ್ರ ಸದಾಶಿವಗಡದಿಂದ ಹತ್ತು ಹನ್ನೆರಡು ಜನ ಬಂದರು. ಹೊಸ ದೋಣಿಯನ್ನು ನೀರಿಗೆ ಇಳಿಸುವಾಗ ಮಾಡುವಂತೆ ಮೂತಿಗೆ ಕಾಯಿ ಒಡೆದರು, ಬೆಲ್ಲ ಅವಲಕ್ಕಿ ಹಂಚಿದರು. ಮಾಲಕರು ಬಹಳ ಸಂತೋಷಪಟ್ಟು ಫೋಟೋ ತೆಗೆಸಿದ್ದರು.

2006ರ ಜನವರಿಯಲ್ಲಿ ಮಾಲಕರು ಮೇಸ್ತ್ರಿಯನ್ನು ಕರೆದು ನೇರವಾಗಿ ಹೇಳಿದರು. ಕೊಲಂಬಸ್ ಅರ್ಧವೂ ತುಂಬುತ್ತಿಲ್ಲ. ಎಕ್ಸಿಬಿಷನ್ ನಡೆಸುವವರೊಬ್ಬರು ಕೊಳ್ಳಲು ಕೇಳಿದ್ದಾರೆ. ಮೇ ಕೊನೆಯವರೆಗೆ ನೋಡುವುದು, ಆಗಲೂ ಹೀಗೇ ಇದ್ದರೆ ಕೊಟ್ಟುಬಿಡುವುದು. ಅವರು ಕೆಟ್ಟವರಲ್ಲ. ಹಾರ್ಡ್‌ವೇರ್ ಅಂಗಡಿಯ ದುಡಿಮೆಯನ್ನು ಪಾರ್ಕಿಗೆ ಸುರಿದವರು. ಹೇಳುವಾಗ ಮೇಸ್ತ್ರಿಯ ಮುಖ ನೋಡಲಿಲ್ಲ. ಮೇಸ್ತ್ರಿ ಸರಿ ಎಂದು ಬಂದು, ಕಿಟಕಿಯ ಹತ್ತಿರ ನಿಂತು, ಎರಡು ಬೆರಳಿಲ್ಲದ ಕೈಯನ್ನು ಒಮ್ಮೆ ತಿರುಗಿಸಿ ನೋಡಿದರು. ಇದನ್ನು ಇಟ್ಟುಕೊಂಡು ಇನ್ನೊಂದು ಕಡೆ ಕೆಲಸ ಕೇಳಲು ಹೋಗುವುದು ಹೇಗೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ.

ಫೆಬ್ರವರಿ ಪೂರ್ತಿ ಅವರು ಒಂದೊಂದೇ ಪ್ರಯೋಗ ಮಾಡಿದರು. ಸೀರೆ ಹಾರದಂತೆ ಮೊಣಕಾಲಿಗೆ ಹೊದೆಯಲು ದಪ್ಪ ಬಟ್ಟೆ. ಮೊದಲ ಐದು ಬೀಸು ತೀರಾ ಮೆಲ್ಲಗೆ. ಹೆದರುವವರಿಗೆ ನಡುವಿನ ಸಾಲು, ಅಲ್ಲಿ ಹೊಟ್ಟೆ ತೊಳಸುವುದು ಕಡಿಮೆ. ಮೊದಲ ಸಲ ಹತ್ತುವವರಿಗೆ ಬೆಲ್ಟು ತಾವೇ ಕಟ್ಟಿ, ಬೇಡ ಅನಿಸಿದರೆ ಕೈ ಎತ್ತಿ ಎಂದು ಹೇಳಿ, ಆಟ ಮುಗಿಯುವವರೆಗೆ ಆ ಕೈಯನ್ನೇ ನೋಡುತ್ತಿದ್ದರು. ಯಾವುದರಿಂದಲೂ ಎಣಿಕೆ ಕದಲಲಿಲ್ಲ. ನಾನು ಮಾರ್ಚ್ 5ರ ರವಿವಾರ ಹತ್ತಿದವರನ್ನು ಬೇರೆ ಬೇರೆಯಾಗಿ ಎಣಿಸಿದೆ. ಒಟ್ಟು 212. ಅದರಲ್ಲಿ ಹೆಂಗಸರು 31. ಆ ಮೂವತ್ತೊಂದರಲ್ಲಿ ಮೂವತ್ತು ಜನ ಹೊರಗಿನಿಂದ ಬಂದವರು, ಉಳಿದ ಒಬ್ಬಳು ನಾನು. ನಮ್ಮ ಕರಾವಳಿಯ ಹೆಂಗಸರು ಗಂಡ ಮಕ್ಕಳನ್ನು ಹತ್ತಿಸಿ ಕೆಳಗೆ ಉಳಿಯುತ್ತಿದ್ದರು. ಪಾರ್ಕಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ.

ಹೆದರಿಕೆ ಇರಬಹುದು ಎಂದುಕೊಂಡಿದ್ದೆವು. ಆದರೆ ಅದೇ ಹೆಂಗಸರು ಕೊಲಂಬಸ್ಸಿಗಿಂತ ಎತ್ತರದ ಜಾಯಿಂಟ್ ವ್ಹೀಲಿನಲ್ಲಿ ಕೂತು ಕೈಬೀಸುತ್ತಿದ್ದರು.

ಮಾರ್ಚ್ 12ರಂದು ಮೇಸ್ತ್ರಿಯ ಅಕ್ಕ ಮೊಮ್ಮಕ್ಕಳ ಟಿಕೆಟ್ಟಿಗೆ ಕಿಟಕಿಗೆ ಬಂದಾಗ, ನೀವೂ ಒಮ್ಮೆ ಹತ್ತಬಾರದೇ ಎಂದು ಕೇಳಿದೆ. ಅವರು ನನ್ನನ್ನು ನೋಡಿ ನಕ್ಕರು. ನಗುವಿನಲ್ಲಿ ಹೆಮ್ಮೆ ಇತ್ತು.

“ಅದು ನಮ್ಮನೆಯವರ ದೋಣಿ ಅಲ್ದಾ ತಂಗಿ. ನಾವು ಹೆಂಗಸ್ರು ಹತ್ತೂದು ಹೆಂಗೆ? ಹೊಳೆ ದಾಟ್ಸೂ ತಾರಿ ದೋಣಿಯಾದ್ರೆ ಬೇರೆ ಮಾತು. ಇದು ಪೂಜೆ ಆದದ್ದು. ನೋಡು, ಗಂಡಸ್ರೂ ಮೆಟ್ಟು ಬಿಟ್ಟೇ ಹತ್ತೂದು.”

ಊರಿನ ಹೆಂಗಸರಿಗೆಲ್ಲ ಅದು ಗೊತ್ತೇ ಎಂದು ಕೇಳಿದೆ. ಆ ಮೂತಿಯನ್ನು ಸಮುದ್ರದ ಬದಿಯಲ್ಲಿ ಗುರುತಿಸದವರು ಯಾರಿದ್ದಾರೆ ಎಂದು ಅವರು ಟಿಕೆಟ್ ತೆಗೆದುಕೊಂಡು ಬೆಂಚಿಗೆ ಹೋದರು. ಸದಾಶಿವಗಡದಲ್ಲಿ ಕಂಡವರು ಕಾರವಾರದ ಪೇಟೆಯಲ್ಲಿ ಹೇಳಿದ್ದರು, ಪೇಟೆಯಲ್ಲಿ ಕೇಳಿದವರು ಅಂಕೋಲೆಯಲ್ಲಿ.

ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಸಂಜೆ ಮೇಸ್ತ್ರಿಗೆ ಓದಿ ಹೇಳಿದೆ. ಅಂಕಿ ಸಿಕ್ಕಿತು, ಕಾರಣವೂ ಸಿಕ್ಕಿತು ಎಂಬ ಖುಷಿಯಲ್ಲಿದ್ದೆ. ಅವರು ಕೇಳಿಸಿಕೊಂಡು, ಗ್ರೀಸ್ ಡಬ್ಬಿಯ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. ಆಮೇಲೆ, “ಪೂಜೆ ಮಾಡೂಕೆ ಜನ ಸಿಗ್ತ್ರು. ಮಾಡಿದ ಪೂಜೆ ಬಿಚ್ಚೂಕೆ ಯಾರನ್ನ ಕರೆಯೂದು?” ಎಂದರು.

ಮಾಲಕರಿಗೆ ಇದು ಸುಲಭವಾಗಿ ಕಂಡಿತು. ಬಣ್ಣ ಬದಲಾಯಿಸಿ, ಹೆಸರು ಬದಲಾಯಿಸಿ ಎಂದು ತಮ್ಮ ಅಂಗಡಿಯಿಂದಲೇ ನಾಲ್ಕು ಡಬ್ಬಿ ಬಣ್ಣ ಕಳಿಸಿದರು. ಕೊಲಂಬಸ್ ಹಳದಿಯಾಯಿತು, ಬದಿಯಲ್ಲಿ ‘ರಾಕೆಟ್’ ಎಂದು ಬರೆಸಿದ್ದೂ ಆಯಿತು. ಮಾರ್ಚ್ 26ರಂದು ಒಂದು ಗಂಡಸರ ಗುಂಪು ರಾಕೆಟ್ಟಿನ ಮುಂದೆ ನಿಂತು ಬಹಳ ನಕ್ಕು, ಚಪ್ಪಲಿ ಬಿಟ್ಟು ಹತ್ತಿತು. ಏಪ್ರಿಲ್ 2, 9, ಎರಡೂ ರವಿವಾರ ಹೆಂಗಸರ ಎಣಿಕೆ ಮೂವತ್ತು ದಾಟಲಿಲ್ಲ. ಪೂಜೆ ಆದದ್ದು ಬಣ್ಣಕ್ಕಲ್ಲ, ಮೂತಿಗೆ ಎಂದು ಮೇಸ್ತ್ರಿ ಮೊದಲೇ ಹೇಳಿದ್ದರು.

ಮೂತಿ ತೆಗೆಯಬೇಕು ಎಂದು ಅವರು ಯಾವಾಗ ನಿಶ್ಚಯಿಸಿದರೋ ಗೊತ್ತಿಲ್ಲ. ಬೋಲ್ಟು ಬಿಚ್ಚಿ ಇಡಿಯಾಗಿ ಮನೆಗೆ ಒಯ್ಯಬಹುದಲ್ಲ ಎಂದೆ. ಅವರು ಕರೆದುಕೊಂಡು ಹೋಗಿ ತೋರಿಸಿದರು. ಪಾರ್ಕಿನ ಪ್ರತಿ ಬೋಲ್ಟಿಗೂ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದವರು ಮೂತಿಯನ್ನು ಹಿಡಿದಿದ್ದ ಎಂಟಕ್ಕೆ ಬಿಟ್ಟಿರಲಿಲ್ಲ. ಬಿಚ್ಚುವ ಯೋಚನೆಯೇ ಇರಲಿಲ್ಲವಾದ್ದರಿಂದ. ಆರು ತಿಂಗಳ ಉಪ್ಪುಗಾಳಿಗೆ ಅವು ಮರದೊಳಗೆ ತುಕ್ಕು ಹಿಡಿದು ಒಂದಾಗಿದ್ದವು. ಗರಗಸವೇ ಆಗಬೇಕು. ಪಾರ್ಕಿಗೆ ರಜೆ ಇರುವ ಗುರುವಾರ ಕೊಯ್ಯಿರಿ ಎಂದರು ಮಾಲಕರು. ಮೇಸ್ತ್ರಿ ಒಪ್ಪಲಿಲ್ಲ. ಯಾರೂ ನೋಡದೆ ಕೊಯ್ದರೆ ಯಾರೂ ನಂಬುವುದಿಲ್ಲ, ರವಿವಾರ ಜನರ ಮುಂದೆಯೇ ಆಗಬೇಕು.

ಅಕ್ಕನನ್ನು ಕೇಳಿದಿರಾ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ಅವರು ಬೇಡ ಅಂದಾರೆಂದು ಹೆದರಿಕೆಯೇ ಎಂದು ಕೇಳಿದೆ.

“ಕೇಳಿದ್ರೆ ಬೇಡ ಹೇಳೂದಿಲ್ಲ ಅವ್ಳು. ನನ್ನ ಕೆಲಸದ ಮಾತು ಬಂದ್ರೆ ಕೊಟ್ಟೇ ಬಿಡ್ತಾಳೆ. ಅದಕ್ಕೇ ಕೇಳ್ಲಿಲ್ಲ ತಂಗಿ.”

ಅವತ್ತು ನನಗೆ ಇದು ಸರಿಯೆನಿಸಿತ್ತು. ಒಪ್ಪಿಗೆ ಕೇಳಿ ಅವರ ತಲೆಯ ಮೇಲೆ ಭಾರ ಹಾಕುವುದಕ್ಕಿಂತ ತಪ್ಪನ್ನು ತಾವೇ ಹೊರುವುದು ಒಳ್ಳೆಯದೆಂದು ಅವರು ಯೋಚಿಸಿದ್ದಾರೆ ಎಂದುಕೊಂಡೆ. ಈಗ ಡೈರಿ ಓದುವಾಗ, ಕೇಳಿಬಿಡಬೇಕಿತ್ತು ಎನಿಸುತ್ತದೆ.

ಏಪ್ರಿಲ್ 16, ರವಿವಾರ. ಸಂಜೆ 4 ಗಂಟೆ 5 ನಿಮಿಷಕ್ಕೆ ಮೇಸ್ತ್ರಿ ಕೊಲಂಬಸ್ ನಿಲ್ಲಿಸಿ, ಕಟ್ಟಿ, ಗರಗಸ ಹಿಡಿದು ಏಣಿ ಹತ್ತಿದರು. ಮೂತಿ ಹೋದರೆ ದೋಣಿಯ ತೂಕ ಏರುಪೇರಾಗುತ್ತದೆಂದು ಹಿಂದಿನ ದಿನವೇ ಲೆಕ್ಕ ಹಾಕಿ ಮುಂದಿನ ಸೀಟಿನ ಅಡಿಗೆ ಕೂರಿಸಲು ಕಬ್ಬಿಣದ ತಗಡು ತಯಾರಿಟ್ಟಿದ್ದರು. ನಾನು ಹಾಡು ನಿಲ್ಲಿಸಿದೆ, ಯಾರೂ ಹೇಳಿರಲಿಲ್ಲ. ಹಳೆಯ ಮರ ಗಟ್ಟಿಯಾಗಿತ್ತು. ಎರಡು ಸಲ ಗರಗಸ ಬದಲಾಯಿಸಿದರು. ಜನ ಸುತ್ತ ಸೇರಿದರು. ಮುದುಕರೊಬ್ಬರು, “ಮೇಸ್ತ್ರೀ, ಎಂತ ಮಾಡ್ತೆ ನೀನು?” ಎಂದು ಕೊಂಕಣಿಯಲ್ಲೂ ಕನ್ನಡದಲ್ಲೂ ಕೇಳಿದರು. ಮೇಸ್ತ್ರಿ ಕೊಯ್ಯುತ್ತಲೇ ಇದ್ದರು. 4:40ಕ್ಕೆ ಮೂತಿ ಹಗ್ಗದಲ್ಲಿ ಕೆಳಗಿಳಿಯಿತು. ನಾಲ್ಕು ಜನ ಹಿಡಿದು ಅದನ್ನು ಬಾದಾಮಿ ಮರಕ್ಕೆ ಒರಗಿಸಿದರು. ತಗಡು ಕೂರಿಸಿ, ಮರಳುಚೀಲ ಹೇರಿ, ಮೂರು ಸಲ ಬೀಸಿ ನೋಡಿದ್ದಾಯಿತು.

ಆಮೇಲೆ ಮೇಸ್ತ್ರಿ ಮೆಟ್ಟಿಲ ಬುಡಕ್ಕೆ ಬಂದರು. ಅಲ್ಲಿ ಅವರು ಬಿಟ್ಟಿದ್ದ ಚಪ್ಪಲಿ ಇತ್ತು. ಆರು ತಿಂಗಳಲ್ಲಿ ಒಂದು ದಿನವೂ ಅದನ್ನು ಹಾಕಿಕೊಂಡು ಆ ಮೆಟ್ಟಿಲು ಹತ್ತಿದವರಲ್ಲ. ಎರಡೂ ಕಾಲಿಗೆ ಹಾಕಿಕೊಂಡರು. ಹತ್ತಿ, ದೋಣಿಯ ಹಿಂದಿನ ತುದಿಯಿಂದ ಮುಂದಿನ ತುದಿಯವರೆಗೆ, ಸಾಲುಗಳ ನಡುವೆ, ಹೆಜ್ಜೆ ಊರಿ ನಡೆದರು. ಚಪ್ಪಲಿಯ ಸದ್ದು ಬೆಂಚಿನವರೆಗೆ ಕೇಳುತ್ತಿತ್ತು. ಮುಂದೆ ನಿಂತು ಜನರ ಕಡೆ ತಿರುಗಿ, “ಇನ್ನು ಇದು ದೋಣಿ ಅಲ್ಲ. ಉಯ್ಯಾಲೆ. ಬನ್ನಿ” ಎಂದರು. ದನಿ ಅಷ್ಟೇನೂ ಗಟ್ಟಿಯಿರಲಿಲ್ಲ.

ಅವರ ಅಕ್ಕ ಬೆಂಚಿನ ಎಡತುದಿಯಲ್ಲಿದ್ದರು. ಮಡಿಲಲ್ಲಿದ್ದ ಚಪ್ಪಲಿಗಳನ್ನು ಒಂದೊಂದೇ ಜೋಡಿಯಾಗಿ ನೆಲದ ಮೇಲೆ ಸಾಲಾಗಿ ಇಟ್ಟರು. ಒಂಬತ್ತು ಜೋಡಿ. ಎದ್ದು, ಮೊಮ್ಮಕ್ಕಳ ಕೈ ಹಿಡಿದು, ಮರಕ್ಕೆ ಒರಗಿದ್ದ ಮೂತಿಯ ಪಕ್ಕದಿಂದಲೇ ಹೆದ್ದಾರಿಯ ಕಡೆ ನಡೆದರು. ಮೇಸ್ತ್ರಿ ಮೇಲಿನಿಂದ, “ಅಕ್ಕಾ” ಎಂದು ಒಂದೇ ಸಲ ಕರೆದರು. ಅವರು ನಿಲ್ಲಲಿಲ್ಲ. ಓಡಲೂ ಇಲ್ಲ.

5 ಗಂಟೆ 10 ನಿಮಿಷದ ಆಟಕ್ಕೆ ಮೊದಲು ಹತ್ತಿದವರು ಅಂಕೋಲೆಯ ಇಬ್ಬರು ಹೆಂಗಸರು, ಅತ್ತೆ ಮತ್ತು ಸೊಸೆ. ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು, ಕಾಲಿನ ಕಡೆ ನೋಡಿಕೊಂಡು, ಚಪ್ಪಲಿಯಲ್ಲೇ ಹತ್ತಿದರು. ಅವರ ಹಿಂದೆ ಉಳಿದವರು. ನಲವತ್ತು ಸೀಟಿನಲ್ಲಿ ಇಪ್ಪತ್ತೆರಡು ಹೆಂಗಸರು. ಮೇ ತಿಂಗಳ ನಾಲ್ಕೂ ರವಿವಾರ ಕೊಲಂಬಸ್ ತುಂಬಿಯೇ ಓಡಿತು, ಚಪ್ಪಲಿಯ ನಾಲ್ಕು ನಿಮಿಷವೂ ಉಳಿಯಿತು. ಕೊಳ್ಳಲು ಬಂದವರನ್ನು ಮಾಲಕರು ಚಹಾ ಕೊಟ್ಟು ಕಳಿಸಿದರು. ಮೇಸ್ತ್ರಿಗೆ ಹೊಸ ಖಾಕಿ ಬಟ್ಟೆ ಹೊಲಿಸಿಕೊಟ್ಟರು.

ಎಣಿಕೆಯ ಪುಟವನ್ನು ಮೇಸ್ತ್ರಿಗೆ ತೋರಿಸಲು ಹೋದೆ. ಅಂಕಿ ಕಂಡರೆ ಕಣ್ಣು ಹೊಳೆಯುತ್ತಿದ್ದ ಮನುಷ್ಯ ಡೈರಿಯನ್ನು ಮೆಲ್ಲಗೆ ಮಡಚಿ ನನ್ನ ಕೈಗೇ ಕೊಟ್ಟರು. ಏಪ್ರಿಲ್ 16ರ ನಂತರ ಅವರು ಒಂದೂ ಹೊಸ ವಿಚಾರ ಬರೆಸಲಿಲ್ಲ. ನಲವತ್ಮೂರು ನಲವತ್ಮೂರೇ ಆಗಿ ನಿಂತಿತು. ಆದರೆ ಕೆಲಸ ಸಡಿಲಲಿಲ್ಲ. ಮರಳುಚೀಲ ಹೇರಿ ನೋಡದೆ ಒಂದು ದಿನವೂ ಮೊದಲ ಆಟ ಬಿಡಲಿಲ್ಲ, ಕೈ ಎತ್ತಿದವರಿಗಾಗಿ ನಿಲ್ಲಿಸದೆ ಇರಲಿಲ್ಲ. ಮೂರು ಗಂಟೆಯ ಟೆಂಪೋ ನಿಂತ ಸದ್ದಾದಾಗ ಮಾತ್ರ ಗೇಟಿನ ಕಡೆ ತಿರುಗುತ್ತಿದ್ದರು.

ಅಕ್ಕನ ಮನೆಗೆ ಅವರು ಎರಡು ಸಲ ಹೋಗಿದ್ದರಂತೆ. ಚಹಾ ಕೊಟ್ಟರು, ಮೀನು ಕಟ್ಟಿಕೊಟ್ಟರು, ಮಾತಾಡಲಿಲ್ಲ. ಇಷ್ಟನ್ನು ಅವರೇ ನನಗೆ ಹೇಳಿದ್ದು, ಜೂನ್ ಮೊದಲ ವಾರ ಪಾರ್ಕನ್ನು ಮಳೆಗಾಲಕ್ಕೆ ಮುಚ್ಚುವ ದಿನ. ಬೈದಿದ್ದರೆ ಆಗುತ್ತಿತ್ತು ಎಂದರು. ಮುಂದಿನ ವರ್ಷ ನನಗೆ ಪರೀಕ್ಷೆಯ ಓದು, ನಾನು ಹೋಗಲಿಲ್ಲ. 2007ರ ಮಳೆಗಾಲಕ್ಕೆ ಮುಚ್ಚಿದ ಪಾರ್ಕು ಮತ್ತೆ ತೆರೆಯಲಿಲ್ಲ. ಮೇಸ್ತ್ರಿ ಸದಾಶಿವಗಡಕ್ಕೆ ಹಿಂತಿರುಗಿದರೆಂದು ಕೇಳಿದ್ದೆ. ಹೋಗಿ ನೋಡಬೇಕೆಂದು ಡೈರಿಯಲ್ಲಿ ನಾಲ್ಕು ಕಡೆ ಬರೆದುಕೊಂಡಿದ್ದೇನೆ. ಹೋಗಿಲ್ಲ.

ಈಗ ಗಂಟೆ 12:35. ಬರೆದದ್ದನ್ನು ಓದಿ ನೋಡಿದೆ. ಅವರ ಅಕ್ಕ ಪಾರ್ಕಿಗೆ ಬಂದ ರವಿವಾರಗಳನ್ನು ಡೈರಿಯಲ್ಲಿ ಗುರುತು ಹಾಕಿದ್ದೆ: ಪಾರ್ಕು ತೆರೆದಾಗಿನಿಂದ ಏಪ್ರಿಲ್ 16ರವರೆಗೆ 23. ಆಮೇಲಿನದು, ನಾನು ಅಲ್ಲಿದ್ದಷ್ಟು ದಿನ, ಸೊನ್ನೆ. ಅದರ ಮುಂದಿನದು ನನ್ನ ಹತ್ತಿರ ಇಲ್ಲ. ಮೇಸ್ತ್ರಿಯ ಕೊನೆಯ ದಿನಗಳಲ್ಲಿ ಆ ಮನೆಗೆ ಯಾರು ಬಂದರು, ಯಾರು ಮಾತಾಡಿಸಿದರು ಎಂದು ಸದಾಶಿವಗಡದವರಿಗೆ, ಕಾರವಾರದ ಮೀನುಪೇಟೆಯವರಿಗೆ ಗೊತ್ತಿರಬಹುದು. ಗೊತ್ತಿದ್ದವರು ಈ ಪತ್ರಿಕೆಯ ಮೂಲಕ ನನಗೆ ಎರಡು ಸಾಲು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಅಕ್ಕ ಬಂದಿದ್ದರು ಎಂದಾದರೆ ದಿನಾಂಕವನ್ನೂ ಬರೆಯಿರಿ. ಬಂದಿರಲಿಲ್ಲ ಎಂದಾದರೂ ದಯವಿಟ್ಟು ಬರೆಯಿರಿ. ಅಕ್ಕ ಅಂದು ಟಿಕೆಟ್ ಕಿಟಕಿಯಲ್ಲಿ ಹೇಳಿದ್ದನ್ನು ಮೇಸ್ತ್ರಿಗೆ ಓದಿ ಹೇಳಿದವಳು ನಾನು.